ಆ್ಯಪ್ ಹೆಸರು ಹೇಳುತ್ತದೆ, ಮತ್ತೆ ಗುಂಪು ಯಾಕೆ?

ಕೆರೆ ಏರಿಯ ಮೇಲೆ ಬೆಳಿಗ್ಗೆ ಆರೂವರೆಗೆ ಬೈನಾಕ್ಯುಲರ್ ಹಿಡಿದು ನಿಂತವರ ಫೋನಿನಲ್ಲಿ ಈಗ ಎರಡು ಆಸರೆ. ಒಂದು, ದನಿ ಕೇಳಿಸಿದರೆ ಹಕ್ಕಿಯ ಹೆಸರು ಹೇಳುವ ಮರ್ಲಿನ್‌ನಂಥ ಆ್ಯಪ್. ಇನ್ನೊಂದು, ಊರಿನ ಅಥವಾ ಜಿಲ್ಲೆಯ ಹಕ್ಕಿ ನೋಡುವವರ ವಾಟ್ಸ್‌ಆ್ಯಪ್ ಗುಂಪು. ಮರ್ಲಿನ್‌ಗೆ ದನಿ ಗುರುತಿಸುವ ಸೌಲಭ್ಯ ಬಂದದ್ದು 2021ರಲ್ಲಿ. ಹೆಸರು ಹೇಳುವ ಕೆಲಸವನ್ನು ಯಂತ್ರ ವಹಿಸಿಕೊಂಡ ಮೇಲೆ ಗುಂಪುಗಳು ಬಣಗುಡಬೇಕಿತ್ತು. ಹಾಗಾಗಿಲ್ಲ. ಆ್ಯಪ್ ಕೊಟ್ಟ ಹೆಸರಿನ ಸ್ಕ್ರೀನ್‌ಶಾಟನ್ನೇ ಗುಂಪಿಗೆ ಹಾಕಿ, ‘ಇದು ಸರಿಯಾ?’ ಎಂದು ಕೇಳುವವರು ದಿನವೂ ಇದ್ದಾರೆ. ಜನ ಆನ್‌ಲೈನ್ ಗುಂಪಿಗೆ ಯಾಕೆ ಸೇರುತ್ತಾರೆ ಎಂಬುದಕ್ಕೆ ಆ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ.

ಮೀನು ಹಿಡಿಯಲು ಹೋದವನು ಕೈಯಲ್ಲಿ ಮೀನು ಹಿಡಿದು ಮನೆಗೆ ಬರುತ್ತಾನೆ. ಬೆಟ್ಟ ಹತ್ತಿದವನಿಗೆ ತುದಿಯ ಫೋಟೊ ಉಂಟು. ಹಕ್ಕಿ ನೋಡುವವನ ಕೈಗೆ ಏನೂ ಬರುವುದಿಲ್ಲ. ಎರಡು ಸೆಕೆಂಡ್ ಕಂಡ ಕಂದು ಬಣ್ಣದ ಹಕ್ಕಿ ಜೊಂಡಿನೊಳಗೆ ಹೊಕ್ಕಿತು, ಉಳಿದದ್ದು ಅನುಮಾನ. ಈ ಹವ್ಯಾಸಕ್ಕೆ ಸಾಕ್ಷಿ ಬೇಕು, ಸಾಕ್ಷಿಯನ್ನು ಪಾಟೀಸವಾಲಿಗೆ ಗುರಿಮಾಡುವವರೂ ಬೇಕು. ಇಂಟರ್‌ನೆಟ್ ಬರುವುದಕ್ಕೆ ಎಷ್ಟೋ ಮೊದಲೇ ಈ ಬೇಡಿಕೆ ಇತ್ತು. ಜಾಫರ್ ಫತೇಹಲ್ಲಿ 1960ರಲ್ಲಿ ಶುರು ಮಾಡಿದ ಹಕ್ಕಿ ವೀಕ್ಷಕರ ಸುದ್ದಿಪತ್ರ ಸೈಕ್ಲೋಸ್ಟೈಲ್ ಆಗಿ ಅಂಚೆಯಲ್ಲಿ ಬರುತ್ತಿತ್ತು. ಒಬ್ಬರು ಬರೆದ ಅನುಮಾನಕ್ಕೆ ಇನ್ನೊಬ್ಬರ ಉತ್ತರ ಓದಬೇಕಾದರೆ ಮುಂದಿನ ಸಂಚಿಕೆ ಬರಬೇಕು. ಬೆಂಗಳೂರಿನಲ್ಲಿ 1972ರಲ್ಲಿ ಹಕ್ಕಿ ವೀಕ್ಷಕರ ಫೀಲ್ಡ್ ಕ್ಲಬ್ ಹುಟ್ಟಿದ ಮೇಲೆ ಲಾಲ್‌ಬಾಗಿನಲ್ಲಿ ಒಟ್ಟಿಗೆ ನಡೆಯುತ್ತಲೇ ತಕರಾರು ಇತ್ಯರ್ಥ ಮಾಡಿಕೊಳ್ಳಲು ಸಾಧ್ಯವಾಯಿತು. ಆಮೇಲೆ ಇಮೇಲ್ ಗುಂಪು, ಫೇಸ್‌ಬುಕ್, ವಾಟ್ಸ್‌ಆ್ಯಪ್. ಬೇಡಿಕೆ ಹಳೆಯದೇ, ತಿಂಗಳು ಕಾಯುವುದು ಐದು ನಿಮಿಷಕ್ಕೆ ಇಳಿದಿದೆ ಅಷ್ಟೆ. ಐದು ನಿಮಿಷದಲ್ಲಿ ಬರುವ ಉತ್ತರದ ಗುಣ ಹೇಗಿರುತ್ತದೆ ಎಂಬುದು ಬೇರೆ ಮಾತು.

ಚಳಿಗಾಲದಲ್ಲಿ ನಮ್ಮ ಕೆರೆಗಳ ಕೆಸರಿಗೆ ಬರುವ ಮೂರು ಗೊರವಗಳನ್ನೇ ನೋಡಿ: ಕಾಮನ್, ವುಡ್ ಮತ್ತು ಗ್ರೀನ್ ಸ್ಯಾಂಡ್‌ಪೈಪರ್. ಮೂರೂ ಗೊರವಂಕಕ್ಕಿಂತ (ಮೈನಾ) ಸ್ವಲ್ಪ ಚಿಕ್ಕವು, ಮೇಲೆ ಕಂದು, ಕೆಳಗೆ ಬಿಳಿ. ಕಾಮನ್ ಆದರೆ ಎದೆಯ ಬಿಳುಪು ರೆಕ್ಕೆಯ ಮುಂದೆ ಹೆಗಲ ಕಡೆಗೆ ಬೆಣೆಯ ಹಾಗೆ ಏರಿರುತ್ತದೆ. ಹಿಂಭಾಗವನ್ನು ಬಿಡುವಿಲ್ಲದೆ ಕುಣಿಸುತ್ತದೆ. ಎದ್ದಾಗ ನೀರಿಗೆ ಅಂಟಿಕೊಂಡ ಹಾಗೆ ತಗ್ಗಿನಲ್ಲೇ ರೆಕ್ಕೆ ಬಿಗಿಹಿಡಿದು ಹಾರುತ್ತದೆ. ವುಡ್‌ಗೆ ಬೆನ್ನ ತುಂಬ ತಿಳಿ ಚುಕ್ಕೆ, ಹಳದಿ ಛಾಯೆಯ ಉದ್ದನೆ ಕಾಲು, ಕಣ್ಣು ದಾಟಿ ಹಿಂದಕ್ಕೆ ಹೋಗುವ ಬಿಳಿ ಹುಬ್ಬು. ಗ್ರೀನ್ ಹೆಚ್ಚು ಕಪ್ಪು. ಹುಬ್ಬು ಕಣ್ಣಿನ ಮುಂದೆಯೇ ನಿಲ್ಲುತ್ತದೆ. ಹಾರಿದಾಗ ರೆಕ್ಕೆಯ ಅಡಿ ಕಪ್ಪಗೆ, ಬಾಲದ ಬುಡ ಎದ್ದು ಕಾಣುವಷ್ಟು ಬೆಳ್ಳಗೆ. ಇವನ್ನು ಪುಸ್ತಕದಲ್ಲಿ ಓದಿದವರೂ ಮಂಜಿನ ಬೆಳಕಿನಲ್ಲಿ, ಐವತ್ತು ಮೀಟರ್ ದೂರದಲ್ಲಿ ತಡವರಿಸುತ್ತಾರೆ.

ಇಂಥ ಹಕ್ಕಿಯ ಫೋಟೊ ಗುಂಪಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಮೊದಲು ಯಾರೋ ಅವಸರದವರು ‘ವುಡ್’ ಎನ್ನುತ್ತಾರೆ. ಇನ್ನೊಬ್ಬರು ‘ಹುಬ್ಬು ಎಲ್ಲಿಯವರೆಗೆ ಇದೆ?’ ಎಂದು ಕೇಳುತ್ತಾರೆ. ಮತ್ತೊಬ್ಬರು ‘ಹಾರಿದ ಚಿತ್ರ ಇದೆಯಾ? ರೆಕ್ಕೆಯ ಅಡಿ ಕಾಣಬೇಕು’ ಎನ್ನುತ್ತಾರೆ. ಕೇಳಿದವರು ಮಸುಕಾದದ್ದು ಎಂದು ಅಳಿಸಲು ಹೊರಟಿದ್ದ ಫ್ರೇಮೊಂದನ್ನು ಹಾಕುತ್ತಾರೆ. ಕಪ್ಪು ರೆಕ್ಕೆ, ಬಿಳಿ ಬುಡ. ಗ್ರೀನ್ ಎಂದು ತೀರ್ಮಾನವಾಗುತ್ತದೆ. ಇಲ್ಲಿ ಸಿಕ್ಕ ಹೆಸರು ಚಿಕ್ಕ ಲಾಭ. ಎಲ್ಲಿ ನೋಡಬೇಕು, ಯಾವ ಅನುಮಾನವನ್ನು ಯಾವ ಗುರುತು ಕಳೆಯುತ್ತದೆ ಎಂಬ ವಾದಸರಣಿ ಗುಂಪಿನ ಎಲ್ಲರ ಕಣ್ಣೆದುರು ನಡೆಯಿತಲ್ಲ, ಅದು ದೊಡ್ಡದು. ಬಾಯಿ ಬಿಡದೆ ಓದುತ್ತಿದ್ದವರು ಮುಂದಿನ ಭಾನುವಾರ ಕೆರೆಗೆ ಹೋದಾಗ ಹುಬ್ಬನ್ನೇ ಮೊದಲು ನೋಡುತ್ತಾರೆ. ಆ್ಯಪ್ ತೀರ್ಪು ಕೊಡುತ್ತದೆ, ವಾದ ಕೇಳಿಸುವುದಿಲ್ಲ. ಕೆಲವು ತಿಂಗಳ ನಂತರವೂ ಗುಂಪಿನಲ್ಲಿ ಉಳಿಯುವವರು ಉಳಿಯುವುದು ಈ ವಾದಕ್ಕಾಗಿ ಎಂಬುದು ನಮ್ಮ ಅಂದಾಜು.

ತೀರ್ಪು ತಪ್ಪುವುದೂ ಉಂಟು. ಪಶ್ಚಿಮಘಟ್ಟದ ಕಾಡಿನಲ್ಲಿ ಭೀಮರಾಜ ಒಂದೇ ಕೊಂಬೆಯಲ್ಲಿ ಕೂತು ಶಿಕ್ರಾದ ದನಿ, ಬೇರೆ ಹದ್ದುಗಳ ದನಿ, ಸಣ್ಣ ಹಕ್ಕಿಗಳ ಗಾಬರಿಯ ಕೂಗು ಎಲ್ಲವನ್ನೂ ಅನುಕರಿಸಬಲ್ಲದು. ಎಲೆಹಕ್ಕಿಯೂ ಅದೇ ಚಾಳಿಯದು. ಕೇಳಿಸಿದ್ದು ಶಿಕ್ರಾದ ದನಿಯೇ ಇರಬಹುದು, ಕೂಗಿದ್ದು ಶಿಕ್ರಾ ಅಲ್ಲ. ಪಟ್ಟಣದಲ್ಲಿ ‘ಚಿಕ್ ಚಿಕ್ ಚಿಕ್’ ಎಂದು ಹತ್ತು ನಿಮಿಷ ಎಡೆಬಿಡದೆ ಕೂಗುವ ‘ಹಕ್ಕಿ’ಯ ದನಿ ಮುದ್ರಿಸಿ ಕಳಿಸುವ ಹೊಸಬರು ಪ್ರತಿ ಗುಂಪಿನಲ್ಲೂ ಸಿಗುತ್ತಾರೆ; ಅದು ಬೆನ್ನ ಮೇಲೆ ಮೂರು ಗೆರೆಯ ಅಳಿಲು. ಹಾಗಾಗಿ ಆ್ಯಪ್ ಹೆಸರು ತೋರಿಸಿದರೆ ಅದನ್ನು ಸುಳಿವು ಎಂದುಕೊಂಡು ಆ ದಿಕ್ಕಿಗೆ ಕಣ್ಣು ಹಾಯಿಸಿ. ಕಣ್ಣಿಗೆ ಕಾಣದ, ನಿಮ್ಮ ಕಿವಿಗೂ ಪರಿಚಯವಿಲ್ಲದ ಹೆಸರನ್ನು ಪಟ್ಟಿಗೆ ಸೇರಿಸಬೇಡಿ.

ಒಳ್ಳೆಯ ಉತ್ತರ ಬೇಕಾದರೆ ಪ್ರಶ್ನೆ ಚೆನ್ನಾಗಿರಬೇಕು. ಫೋಟೊ ಹಾಕಿ ‘ಯಾವ ಹಕ್ಕಿ?’ ಎಂದಷ್ಟೇ ಬರೆದರೆ ತಿಳಿದವರು ಮುಂದೆ ಸರಿಯುತ್ತಾರೆ, ತಿಳಿಯದವರು ಉತ್ತರಿಸುತ್ತಾರೆ. ಹೀಗೆ ಬರೆದು ನೋಡಿ: ‘ಫೆಬ್ರವರಿ 11, ಬೆಳಿಗ್ಗೆ 7.20, ತುಮಕೂರು ಹೊರವಲಯದ ಕೆರೆ, ಕೋಡಿಯ ಪಕ್ಕದ ಕೆಸರು. ಒಂಟಿ ಹಕ್ಕಿ. ಗೊರವಂಕಕ್ಕಿಂತ ಚಿಕ್ಕದು. ಹಿಂಭಾಗ ಕುಣಿಸುತ್ತಿತ್ತು. ಎಬ್ಬಿಸಿದಾಗ ನೀರಿನ ಮೇಲೆ ತಗ್ಗಿನಲ್ಲೇ ಹಾರಿತು. ಕಾಮನ್ ಸ್ಯಾಂಡ್‌ಪೈಪರ್ ಇರಬಹುದೇ? ಹೆಗಲ ಬಿಳುಪು ಸರಿಯಾಗಿ ಕಾಣಲಿಲ್ಲ.’ ದಿನಾಂಕ ಯಾಕೆಂದರೆ ಎಷ್ಟೋ ಹಕ್ಕಿಗಳು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಇಲ್ಲಿರುತ್ತವೆ. ಗಾತ್ರವನ್ನು ಇಂಚಿನಲ್ಲಿ ಹೇಳಿದರೆ ಎಲ್ಲರೂ ತಪ್ಪುತ್ತಾರೆ. ಗುಬ್ಬಿ, ಗೊರವಂಕ, ಕಾಗೆ, ಹದ್ದು ಇವುಗಳಿಗೆ ಹೋಲಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ. ನಿಮ್ಮ ಊಹೆಯನ್ನೂ ಬರೆಯಿರಿ. ತಪ್ಪಾಗಿದ್ದರೆ ಎಲ್ಲಿ ತಪ್ಪಿದಿರಿ ಎಂದು ಯಾರಾದರೂ ತೋರಿಸುತ್ತಾರೆ.

ಫೋಟೊದ ಮಟ್ಟಿಗೆ ಸುಂದರವಾದ ಒಂದಕ್ಕಿಂತ ಪಕ್ಕದಿಂದ, ಬೆನ್ನಿನಿಂದ, ಹಾರುವಾಗ ತೆಗೆದ ಮೂರು ಸಾಧಾರಣ ಚಿತ್ರಗಳು ಹೆಚ್ಚು ಮಾತಾಡುತ್ತವೆ. ಬಿಳಿ ಆಕಾಶದ ಎದುರು ಕೂತ ಹಕ್ಕಿ ಕರಿ ನೆರಳಾಗಿ ಬರುವುದು ಕ್ಯಾಮೆರಾ ಆಕಾಶಕ್ಕೆ ಬೆಳಕು ಹೊಂದಿಸುವುದರಿಂದ. ಎಕ್ಸ್‌ಪೋಷರ್ ಕಾಂಪನ್ಸೇಶನ್ +1ರಿಂದ +1.7ರವರೆಗೆ ಏರಿಸಿದರೆ ಹೊಟ್ಟೆಯ ಬಣ್ಣ ಕಾಣುತ್ತದೆ. ಕ್ಯಾಮೆರಾ ಇಲ್ಲದವರು ಬೈನಾಕ್ಯುಲರ್‌ನ ಒಂದು ಕಣ್ಣಿಗೆ ಫೋನಿನ ಲೆನ್ಸ್ ಒತ್ತಿ ಹಿಡಿದು ತೆಗೆಯಬಹುದು. ಸುತ್ತ ಕಪ್ಪು ಬಳೆ ಬಂದರೂ ಗುರುತಿಸಲು ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ದೂರದ ಹಕ್ಕಿಯ ರೆಕ್ಕೆಯ ಗೆರೆಗಳು ಕಲಸಿಹೋಗುತ್ತವೆ. ಮೊದಲು ಹಕ್ಕಿಯ ಸುತ್ತ ಕತ್ತರಿಸಿ, ಆಮೇಲೆ ಡಾಕ್ಯುಮೆಂಟ್ ಆಗಿ ಕಳಿಸಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಚಿತ್ರದೊಳಗಿನ ಜಿಪಿಎಸ್ ಗುರುತೂ ಜೊತೆಗೆ ಹೋಗಬಹುದು. ಕ್ಯಾಮೆರಾ ಆ್ಯಪ್‌ನಲ್ಲಿ ಲೊಕೇಶನ್ ಆಫ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಅದರ ಕಾರಣ ಮುಂದೆ ಬರುತ್ತದೆ.

ಎರಡನೆಯ ಆಕರ್ಷಣೆ ದಾಖಲೆ. ಕಂಡದ್ದನ್ನು ಎಲ್ಲಾದರೂ ಬರೆದಿಡಬೇಕೆಂಬ ಆಸೆ ಈ ಹವ್ಯಾಸದವರಿಗೆಲ್ಲ ಇರುತ್ತದೆ; ನೋಟ್‌ಬುಕ್ ಗೆದ್ದಲು ಹಿಡಿಯುತ್ತದೆ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ 2002ರಲ್ಲಿ ಆರಂಭಿಸಿದ ಇಬರ್ಡ್ ಎಂಬ ಜಾಲತಾಣ ಈಗ ಭಾರತದ ಬಹುಪಾಲು ಹಕ್ಕಿ ವೀಕ್ಷಕರ ದಿನಚರಿ ಪುಸ್ತಕ. ಅದಕ್ಕೆ ಪಟ್ಟಿ ಹಾಕುವಾಗ ಹೊಸಬರು ಎಡವುವುದು ಕೊನೆಯ ಪ್ರಶ್ನೆಯಲ್ಲಿ: ನೀವು ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಕಾಗೆ, ಪಾರಿವಾಳ ಬಿಟ್ಟು ‘ವಿಶೇಷ’ ಹಕ್ಕಿಗಳನ್ನಷ್ಟೇ ಹಾಕಿ ‘ಹೌದು’ ಒತ್ತುತ್ತಾರೆ. ಆಗ ಆ ಜಾಗದಲ್ಲಿ ಕಾಗೆಯೇ ಇರಲಿಲ್ಲ ಎಂದು ಲೆಕ್ಕವಾಗುತ್ತದೆ. ವಿಜ್ಞಾನಿಗಳು ಹಕ್ಕಿಯ ಏರಿಳಿತ ಅಳೆಯುವುದು ನೂರು ಪೂರ್ತಿ ಪಟ್ಟಿಗಳಲ್ಲಿ ಎಷ್ಟರಲ್ಲಿ ಆ ಹಕ್ಕಿ ಇದೆ ಎಂಬುದರ ಮೇಲೆ. ಇಲ್ಲದ್ದನ್ನು ಇಲ್ಲ ಎಂದು ನಂಬುವಂತಿದ್ದರೆ ಮಾತ್ರ ಆ ಲೆಕ್ಕ ನಿಲ್ಲುತ್ತದೆ. ಕನಿಷ್ಠ 15 ನಿಮಿಷ ಕೊಡಿ. 30 ಮೀಟರ್ ಒಳಗೇ ಇದ್ದರೆ ನಿಂತಲ್ಲಿನ ಪಟ್ಟಿ, ನಡೆದಿದ್ದರೆ ನಡೆದ ದೂರ ಬರೆಯಿರಿ. ಒಂದು ಗಂಟೆಗೆ ಒಂದು ಪಟ್ಟಿ ಮುಗಿಸಿ ಇನ್ನೊಂದು ತೆರೆದರೆ ಜಾಗ ನಿಖರವಾಗಿರುತ್ತದೆ. ಎಣಿಸಲಾಗದ ಬೆಳ್ಳಕ್ಕಿ ಹಿಂಡಾದರೆ ಮೊದಲು ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ತುಂಬಿವೆ ನೋಡಿ, ಅಂಥ ಎಷ್ಟು ತುಂಡುಗಳಿವೆ ಎಂದು ಗುಣಿಸಿ. ಏನೂ ಆಗದಿದ್ದರೆ ‘ಎಕ್ಸ್’ ಗುರುತು ಇದೆ, ಆದರೆ ಸುಮಾರಾದ ಸಂಖ್ಯೆಯೂ ಎಕ್ಸ್‌ಗಿಂತ ಮೇಲು.

ಪಟ್ಟಿಗಳ ಹಿಂದೆಯೂ ಜನ ಇದ್ದಾರೆ. ಪ್ರತಿ ಪ್ರದೇಶಕ್ಕೂ, ಪ್ರತಿ ತಿಂಗಳಿಗೂ ಯಾವ ಹಕ್ಕಿ ಎಷ್ಟರವರೆಗೆ ಸಹಜ ಎಂಬ ಮಿತಿಯೊಂದನ್ನು ಇಟ್ಟಿರುತ್ತಾರೆ. ಮೇ ತಿಂಗಳಲ್ಲಿ ಚಳಿಗಾಲದ ಹಕ್ಕಿ ಹಾಕಿದರೆ, ಮಿತಿ ಮೀರಿದ ಸಂಖ್ಯೆ ಹಾಕಿದರೆ ಅದು ಪರಿಶೀಲನೆಗೆ ಹೋಗುತ್ತದೆ, ಸ್ವಯಂಸೇವಕರೊಬ್ಬರಿಂದ ವಿವರ ಕೇಳಿ ಇಮೇಲ್ ಬರುತ್ತದೆ. ‘ನನ್ನನ್ನೇ ಸುಳ್ಳುಗಾರ ಅಂತಾರಾ?’ ಎಂದು ಸಿಟ್ಟಾಗಿ ಇಲ್ಲಿಗೇ ಬಿಟ್ಟವರಿದ್ದಾರೆ. ಬಿಡದೆ ಉತ್ತರ ಬರೆದವರಿಗೆ ಒಂದು ಸಂಗತಿ ಹೊಳೆಯುತ್ತದೆ: ತಾವು ನೋಡಿದ್ದು ಯಾರಿಗೋ ಮುಖ್ಯವಾಗಿದೆ, ಇಲ್ಲದಿದ್ದರೆ ಕೇಳುತ್ತಿರಲಿಲ್ಲ. 2023ರ ಭಾರತದ ಹಕ್ಕಿಗಳ ಸ್ಥಿತಿ ವರದಿ ಇಂಥ 30,000ಕ್ಕೂ ಹೆಚ್ಚು ವೀಕ್ಷಕರ ಸುಮಾರು 3 ಕೋಟಿ ದಾಖಲೆಗಳ ಮೇಲೆ ನಿಂತಿದೆ. 942 ಪ್ರಭೇದಗಳನ್ನು ಪರಿಶೀಲಿಸಿ 178ಕ್ಕೆ ಹೆಚ್ಚಿನ ಸಂರಕ್ಷಣೆಯ ಆದ್ಯತೆ ಕೊಟ್ಟಿತು. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಹನ್ನೆರಡು ವರ್ಷಗಳಲ್ಲಿ ಸುಮಾರು ಶೇ 30ರಷ್ಟು ಕುಸಿದಿದೆ ಎಂದು ಗೊತ್ತಾದದ್ದು ಅದರಿಂದಲೇ. ಕರೆಂಟು ತಂತಿಯ ಮೇಲೆ ಕೂತ ನೀಲಕಂಠವನ್ನು ‘ಅದೇನು ಮಹಾ’ ಎನ್ನದೆ ಪಟ್ಟಿಗೆ ಸೇರಿಸಿದವರಿಲ್ಲದಿದ್ದರೆ ಈ ಕುಸಿತ ಕಾಣುತ್ತಲೇ ಇರಲಿಲ್ಲ. ಮೈಸೂರಿನ ಹವ್ಯಾಸಿಗಳು 2014ರಿಂದ 2016ರವರೆಗೆ ನಗರವನ್ನು ಚೌಕಗಳಾಗಿ ಹಂಚಿಕೊಂಡು ಪಕ್ಷಿ ಅಟ್ಲಾಸ್ ಮಾಡಿದ್ದೂ ಇಂಥ ಒಗ್ಗಟ್ಟಿನಿಂದ. ಯಾರಿಗೆ ಯಾವ ಚೌಕ ಎಂದು ಹಂಚುವುದಕ್ಕೇ ಒಂದು ಗುಂಪು ಬೇಕು.

ಇನ್ನು ಪುಸ್ತಕದಲ್ಲಿ ಸಿಗದ ಸ್ಥಳೀಯ ತಿಳಿವು. ಮಳೆಗಾಲದಲ್ಲಿ ಮಲೆನಾಡಿಗೆ ಹೊರಟವರಿಗೆ ಇಂಬಳದ ಕಾಲುಚೀಲ ಹೊಲಿಸುವುದು ಎಲ್ಲಿ, ನಶ್ಯದ ಪುಡಿ ಹಚ್ಚಿದರೆ ಎಷ್ಟು ಹೊತ್ತು ತಾಳುತ್ತದೆ ಎಂಬುದೆಲ್ಲ ಗುಂಪಿನಲ್ಲೇ ಸಿಗಬೇಕು. ಮಂಗನ ಕಾಯಿಲೆಯದು ಇನ್ನೂ ಗಂಭೀರ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗುಗಳಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಕಾಟ ಹೆಚ್ಚು. ಹಕ್ಕಿ ನೋಡಲು ಬರುವವರಿಗೂ ಅದೇ ಹಿತವಾದ ಕಾಲ. ಯಾವ ಊರಿನ ಬಳಿ ಮಂಗ ಸತ್ತಿದೆ, ಯಾವ ದಾರಿ ಬಿಡಬೇಕು ಎಂಬುದು ಅಲ್ಲಿಯವರೊಬ್ಬರು ಗುಂಪಿನಲ್ಲಿದ್ದರೆ ಆ ದಿನವೇ ತಿಳಿಯುತ್ತದೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಹಚ್ಚಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ.

ಉಪಕರಣದ ವಿಷಯದಲ್ಲೂ ಅಷ್ಟೆ. ಅಂಗಡಿಯವರು 10x42 ಬೈನಾಕ್ಯುಲರ್ (ಹತ್ತು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಲೆನ್ಸಿನದು) ತೋರಿಸುತ್ತಾರೆ, ಸಂಖ್ಯೆ ದೊಡ್ಡದಲ್ಲವೇ. 42ನ್ನು 10ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 4.2 ಮಿ.ಮೀ., 8x42ಗೆ 5.25. ಕಾಡಿನ ಮಬ್ಬಿನಲ್ಲಿ, ಕೈ ನಡುಗುವ ಹೊಸಬರಿಗೆ ಎಂಟರದ್ದೇ ವಾಸಿ; ಬಯಲುಸೀಮೆಯ ಕೆರೆಗೆ, ದೂರದ ಬಾತುಗಳಿಗೆ ಹತ್ತು. ಕರಾವಳಿ, ಮಲೆನಾಡಿನಲ್ಲಿ ಲೆನ್ಸ್‌ಗೆ ಬೂಷ್ಟು ಹಿಡಿಯುವುದು ಎಲ್ಲರ ಗೋಳು. ಚರ್ಮದ ಚೀಲದಲ್ಲೋ ಬಟ್ಟೆಯ ಚೀಲದಲ್ಲೋ ಇಟ್ಟರೆ ತೇವ ಅಲ್ಲೇ ನಿಲ್ಲುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್, ಸಾವಿರ ರೂಪಾಯಿಯೊಳಗೆ ಮುಗಿಯುವ ಉಪಾಯ. ಬಣ್ಣ ಬದಲಾದಾಗ ಜೆಲ್ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬೇಕು. ಮರೆತರೆ ಡಬ್ಬಿಯೇ ತೇವದ ಗೂಡು. ನಸುಕಿನಲ್ಲಿ ಒಂಟಿಯಾಗಿ ಕೆರೆಗೆ ಹೋಗಲು ಹಿಂಜರಿಯುವ ಹೆಣ್ಣುಮಕ್ಕಳಿಗೆ, ಉದ್ದನೆ ಲೆನ್ಸ್ ಕಂಡು ‘ಏನ್ ಸಾರ್ ಸರ್ವೇನಾ?’ ಎಂದು ಸುತ್ತುವರಿಯುವ ಊರವರ ನಡುವೆ ಸಿಕ್ಕಿಕೊಂಡವರಿಗೆ ಜೊತೆಗಾರರು ಸಿಗುವುದೂ ಇಲ್ಲೇ.

ಈಗ ಕೇಡಿನ ಕಡೆ. ಗುಂಪು ಕೊಡುವ ಎಲ್ಲಕ್ಕಿಂತ ಬೇಗ ಹರಡುವುದು ಜಾಗದ ವಿಳಾಸ. ಅಪರೂಪದ ಗೂಬೆ ಹಗಲು ಕೂರುವ ಮರದ ಪಿನ್ ಒಂದು ಗುಂಪಿಗೆ ಬಿದ್ದರೆ ಸಂಜೆಯೊಳಗೆ ಐದು ಗುಂಪಿಗೆ ಹೋಗಿರುತ್ತದೆ. 1,024 ಜನರವರೆಗೆ ಸೇರಬಹುದಾದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಮ್ಮವರೇ’ ಎಂಬುದಕ್ಕೆ ಅರ್ಥವಿಲ್ಲ. ಶನಿವಾರ ಬೆಳಿಗ್ಗೆ ಮರದ ಕೆಳಗೆ ಹತ್ತು ಕಾರು. ಕಣ್ಣು ಬಿಡಲಿ ಎಂದು ಚಪ್ಪಾಳೆ, ಕಲ್ಲು. ಫೋನಿನಿಂದ ಅದೇ ಜಾತಿಯ ಕೂಗು ಹಾಕಿ ಕರೆಯುವುದು. ಮರಿ ಮಾಡುವ ಕಾಲದಲ್ಲಿ ಎದುರಾಳಿ ಬಂದಿದ್ದಾನೆಂದು ತಿಳಿದ ಗಂಡು ಆಹಾರ ಹುಡುಕುವುದು ಬಿಟ್ಟು ಫೋನಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಗೂಡಿನ ಚಿತ್ರ ಸ್ಪಷ್ಟವಾಗಲಿ ಎಂದು ಮುಂದಿನ ಎರಡು ರೆಂಬೆ ಮುರಿದರೆ ಅಲ್ಲಿಗೆ ಬಿಸಿಲು ಬೀಳುತ್ತದೆ, ಕಾಗೆಗೂ ಕಾಣುತ್ತದೆ. ಫೋಟೊ ತೆಗೆದವರು ಮನೆಗೆ ಹೋಗಿರುತ್ತಾರೆ, ಮಧ್ಯಾಹ್ನ ಏನಾಯಿತು ಎಂದು ಅವರಿಗೆ ತಿಳಿಯುವುದೇ ಇಲ್ಲ. ಅದಕ್ಕೇ ಒಳ್ಳೆಯ ಗುಂಪುಗಳಲ್ಲಿ ಗೂಡಿನ ಚಿತ್ರ ಹಾಕಿದರೆ ಅಡ್ಮಿನ್ ತೆಗೆದುಹಾಕುತ್ತಾರೆ. ಬೈಗುಳ ತಿನ್ನುವುದೂ ಅವರೇ.

ದಾಖಲೆಯ ತಾಣಗಳು ಇದಕ್ಕೆ ಒಂದು ಬೇಲಿ ಹಾಕಿವೆ. ಇಬರ್ಡ್ ಸೂಕ್ಷ್ಮ ಎಂದು ಗುರುತಿಸಿದ ಪ್ರಭೇದಗಳ ಜಾಗವನ್ನು ಸಾರ್ವಜನಿಕರಿಗೆ ಸುಮಾರು 20 ಕಿ.ಮೀ. ಉದ್ದಗಲದ ಚೌಕವಾಗಿ ಮಾತ್ರ ತೋರಿಸುತ್ತದೆ. ಐನ್ಯಾಚುರಲಿಸ್ಟ್ ಕೂಡ ಅಪಾಯದಲ್ಲಿರುವ ಜೀವಿಗಳ ಜಾಗವನ್ನು 0.2 ಡಿಗ್ರಿ ಚೌಕದೊಳಗೆ ಮಸುಕು ಮಾಡುತ್ತದೆ. ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತದಂಥ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಇದು ಜೀವದ ಪ್ರಶ್ನೆ. ಬೇಲಿಯ ಈಚೆ ಇರುವ ವಾಟ್ಸ್‌ಆ್ಯಪ್‌ಗೆ ಇಂಥ ಏರ್ಪಾಡಿಲ್ಲ, ಅಲ್ಲಿ ಕಳಿಸುವವರ ಬುದ್ಧಿಯೇ ಬೇಲಿ. ತಾಲ್ಲೂಕಿನ ಹೆಸರು ಹೇಳಿ, ಮರದ ಹೆಸರು ಬೇಡ. ಹಕ್ಕಿ ಆ ಜಾಗ ಬಿಟ್ಟ ಮೇಲೆ ಚಿತ್ರ ಹಾಕಿದರೂ ಮೆಚ್ಚುಗೆ ಕಡಿಮೆಯಾಗುವುದಿಲ್ಲ.

ಮೆಚ್ಚುಗೆಯ ಮಾತು ಬಂತು. ಮಿಂಚುಳ್ಳಿ ಮೀನು ಹಿಡಿದ ಚಿತ್ರಕ್ಕೆ ಇನ್ನೂರು ಲೈಕ್, ಒಣಗಿದ ಕೆರೆಯಲ್ಲಿ ಒಂದು ಗಂಟೆ ಎಣಿಸಿದ ಹನ್ನೊಂದು ಹಕ್ಕಿಯ ಪಟ್ಟಿಗೆ ಎರಡು. ಫೇಸ್‌ಬುಕ್ ಗುಂಪುಗಳು ಹೀಗೇ ಮೆಲ್ಲಗೆ ಫೋಟೊ ಪ್ರದರ್ಶನಗಳಾದವು, ಎಲೆ ಉಲಿಯಕ್ಕಿಗಳ ರೆಕ್ಕೆಯ ಪಟ್ಟಿ ಒಂದೋ ಎರಡೋ ಎಂದು ಜಗಳವಾಡುತ್ತಿದ್ದವರು ಮೌನವಾದರು. ಹಳೆಯ ಇಮೇಲ್ ಗುಂಪುಗಳಿಗೆ ಈ ರೋಗ ಇರಲಿಲ್ಲ; ಅವುಗಳ ಸಾವಿಗೆ ಬೇರೆ ಕಾರಣ. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಯಾರಾದರೂ ಮೊದಲೇ ಇಳಿಸಿಟ್ಟುಕೊಳ್ಳದ ಗುಂಪುಗಳ ಹಳೆಯ ಚರ್ಚೆಗಳೆಲ್ಲ ಅದಕ್ಕೂ ಕೆಲವು ತಿಂಗಳ ಹಿಂದೆಯೇ ಅಳಿಸಿಹೋಗಿದ್ದವು. ವಾಟ್ಸ್‌ಆ್ಯಪ್‌ನಲ್ಲಿ ಮೂರು ತಿಂಗಳ ಹಿಂದಿನ ಗೊರವದ ಚರ್ಚೆ ಹುಡುಕಿದವರಿಗೆ ಆ ನಷ್ಟದ ರುಚಿ ಗೊತ್ತು. ಹಾಗಾಗಿ ತೀರ್ಮಾನವಾದ ಹೆಸರು, ಅದಕ್ಕೆ ಕೊಟ್ಟ ಕಾರಣ ಎರಡನ್ನೂ ಇಬರ್ಡ್ ಪಟ್ಟಿಯ ಟಿಪ್ಪಣಿಯಲ್ಲಿ ಬರೆದಿಡುವುದು ಮೇಲು. ಫೋಟೊವನ್ನೂ ಅಲ್ಲೇ ಏರಿಸಬಹುದು.

ಇನ್ನೊಂದು ಕೊರತೆ ಭಾಷೆಯದು, ಇದರ ಬಗ್ಗೆ ಗುಂಪುಗಳಲ್ಲಿ ಮಾತೇ ಕಡಿಮೆ. ಟಿಟ್ಟಿಭ ಯಾವ ಹೊಲದ ಯಾವ ಮೂಲೆಯಲ್ಲಿ ಮೊಟ್ಟೆ ಇಡುತ್ತದೆ, ಕೆರೆಗೆ ಬಾತು ಯಾವ ಹುಣ್ಣಿಮೆಯ ಹೊತ್ತಿಗೆ ಬರುತ್ತದೆ ಎಂದು ನಿಖರವಾಗಿ ಬಲ್ಲ ರೈತ, ಕುರಿಗಾಹಿ, ಮೀನುಗಾರ ಇಂಗ್ಲಿಷ್ ಹೆಸರುಗಳ ಸುರಿಮಳೆಯ ಗುಂಪಿನಲ್ಲಿ ಬಾಯಿ ತೆರೆಯುವುದಿಲ್ಲ. ಕನ್ನಡದ ಹೆಸರುಗಳೂ ಊರಿಗೊಂದು. ಕೆಂಬೂತ ಒಂದು ಕಡೆ ಸಂಬಾರಗಾಗೆ, ಇನ್ನೊಂದು ಕಡೆ ಕುಪ್ಪುಳು. ಇದನ್ನು ಗೊಂದಲ ಎಂದು ತಳ್ಳುವ ಬದಲು ಯಾರು ಯಾವ ಹೆಸರು ಬಳಸಿದರೂ ಜೊತೆಗೊಂದು ಚಿತ್ರ ಹಾಕಿದರೆ ಸಮಸ್ಯೆ ಅಲ್ಲಿಗೇ ತೀರುತ್ತದೆ, ಊರ ಹೆಸರೂ ಉಳಿಯುತ್ತದೆ. ದನಿ ಸಂದೇಶಕ್ಕೆ ಅವಕಾಶ ಕೊಟ್ಟರೆ ಬರೆಯಲು ಹಿಂಜರಿಯುವವರೂ ಮಾತಾಡುತ್ತಾರೆ.

ಯಾವ ಗುಂಪಿಗೆ ಸೇರಬೇಕೆಂದು ಯೋಚಿಸುತ್ತಿರುವವರು ಎರಡು ವಾರ ಸುಮ್ಮನೆ ಓದಿ. ಹೆಸರಿನ ಜೊತೆ ಕಾರಣ ಕೊಡುತ್ತಾರಾ? ತಪ್ಪು ಹೇಳಿದ ಹಿರಿಯರು ‘ನನ್ನದು ತಪ್ಪಾಯಿತು’ ಎನ್ನುತ್ತಾರಾ? ಗೂಡಿನ ಚಿತ್ರಕ್ಕೆ ಏನಾಗುತ್ತದೆ? ಶುಭೋದಯದ ಹೂವುಗಳು ಎಷ್ಟು? ಜಿಲ್ಲೆಯ ಸಣ್ಣ ಗುಂಪೊಂದು, ದಾಖಲೆಗೆ ಇಬರ್ಡ್ ಖಾತೆಯೊಂದು ಇಷ್ಟಿದ್ದರೆ ಸಾಕು. ಹತ್ತು ಗುಂಪಿಗೆ ಸೇರಿದವರು ಒಂದೇ ಫೋಟೊವನ್ನು ಹತ್ತು ಸಲ ನೋಡುತ್ತಾರೆ. ಶುರು ಮಾಡಲು ಫೆಬ್ರವರಿ ಒಳ್ಳೆಯ ತಿಂಗಳು: ಎಲ್ಲರೂ ಸೇರಿ ಹಕ್ಕಿ ಎಣಿಸುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಆಗ ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ ನಡೆಯುತ್ತದೆ, ಭಾರತದವರು 2013ರಿಂದ ಭಾಗವಹಿಸುತ್ತಿದ್ದಾರೆ. ಚಳಿಗಾಲದ ಗೊರವಗಳೂ ಇನ್ನೂ ಕೆರೆಯಲ್ಲೇ ಇರುತ್ತವೆ. ಮನೆಯ ಗೇಟಿನ ಬಳಿ 15 ನಿಮಿಷ ನಿಂತು ಎಣಿಸಿದರೂ ಅದು ಪೂರ್ತಿ ಪಟ್ಟಿಯೇ, ಕಾಗೆಯನ್ನು ಬಿಡದಿದ್ದರೆ.